ಎಳೆಗೂಸಿನ ನಿದ್ರೆ, ಮನೆಮಂದಿಯ ಜಾಗರಣೆ

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ನಮ್ಮಲ್ಲಿ ಬಹು ಪ್ರಚಲಿತವಾದುದು. ಈ ಗಾದೆಗೆ ಒಂದು ಅಪವಾದವಿದೆ. ಹುಟ್ಟಿ ಒಂದೆರಡು ತಿಂಗಳಾದ ಹಸುಗೂಸಿಗೆ ಸಾಲದ ಕಂತಿನ ಚಿಂತೆಯಿಲ್ಲ, ವರ್ಗಾವಣೆಯ ಭಯವಿಲ್ಲ, ನಾಳಿನ ಊಟದ ಯೋಚನೆಯೂ ಇಲ್ಲ. ಆದರೂ, ಸಂತೆಯ ಮಾತು ಹಾಗಿರಲಿ, ಬಾಗಿಲು ಕಿಟಕಿ ಮುಚ್ಚಿದ ನಿಶ್ಶಬ್ದವಾದ ಕೋಣೆಯಲ್ಲಿ ಕೂಡ ಅದು ರಾತ್ರಿಯ ಹೊತ್ತು ಮೂರು ಗಂಟೆ ಒಟ್ಟಾಗಿ ಮಲಗಿದರೆ ಮನೆಯವರು ದೇವರಿಗೆ ಕೈಮುಗಿಯುತ್ತಾರೆ. ಮಗು ಎದ್ದರೆ ತಾಯಿ ಏಳುತ್ತಾಳೆ. ತಾಯಿ ಬಳಲಿದರೆ ಇಡೀ ಸಂಸಾರ ಬಳಲುತ್ತದೆ. ಬೆಳಗಾದೊಡನೆ ಗೃಹಸ್ಥನು ತೂಕಡಿಸುತ್ತಲೇ ಕಚೇರಿಯ ಬಸ್ಸನ್ನೋ ಮೆಟ್ರೋ ರೈಲನ್ನೋ ಹಿಡಿಯುತ್ತಾನೆ.

ಈ ಲೇಖಕನು ವೈದ್ಯನಲ್ಲ. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು, ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಕಳೆದವನು. ಇಬ್ಬರು ಮಕ್ಕಳ ತಂದೆ. ಆದರೆ ನಮ್ಮ ಸಂಘದ ಕೂಟಗಳಲ್ಲಿ, ಕಚೇರಿಯ ಊಟದ ಬಿಡುವಿನಲ್ಲಿ, ತರುಣ ದಂಪತಿಗಳು ಪದೇ ಪದೇ ಕೇಳುವ ಪ್ರಶ್ನೆ ಇದೊಂದೇ: “ಮಗು ರಾತ್ರಿ ಮಲಗುವುದಿಲ್ಲ, ಏನು ಮಾಡುವುದು?” ತಜ್ಞರು ಹೇಳಿರುವುದನ್ನೂ ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡಿದ್ದನ್ನೂ ಒಂದೆಡೆ ಜಮಾಖರ್ಚು ಹಾಕಿ ನೋಡುವುದು ಈ ಲೇಖನದ ಉದ್ದೇಶ. ಹಾಗೆ ನೋಡಿದಾಗ ದೊರೆಯುವ ಉತ್ತರ ಒಂದೇ. ಮೊದಲ ಕೆಲವು ತಿಂಗಳು ಮಗುವಿನ ನಿದ್ರೆಯನ್ನು ತಿದ್ದಲು ನಮ್ಮಿಂದ ಹೆಚ್ಚೇನೂ ಆಗದು. ಆದರೆ ದೊಡ್ಡವರ ರಾತ್ರಿಯನ್ನು ಹಂಚಿಕೊಳ್ಳಲು ಆಗುತ್ತದೆ.

ಶಿಶುವಿನ ನಿದ್ರೆಯ ಸ್ವರೂಪ

ಎಳೆಗೂಸು ಕಡಿಮೆ ನಿದ್ರಿಸುತ್ತದೆ ಎಂಬುದು ತಪ್ಪು ಕಲ್ಪನೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ಮೂರು ತಿಂಗಳವರೆಗಿನ ಶಿಶುವಿಗೆ ದಿನಕ್ಕೆ 14ರಿಂದ 17 ಗಂಟೆಗಳ ನಿದ್ರೆ ಬೇಕು. ನಾಲ್ಕರಿಂದ ಹನ್ನೊಂದು ತಿಂಗಳವರೆಗೆ 12ರಿಂದ 16 ಗಂಟೆಗಳು. ಒಟ್ಟು ಮೊತ್ತದಲ್ಲಿ ಕೊರತೆಯಿಲ್ಲ. ತೊಂದರೆ ಇರುವುದು ಆ ಮೊತ್ತವು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಚಿಲ್ಲರೆಯಾಗಿ ಹರಡಿಕೊಂಡಿರುವುದರಲ್ಲಿ. ದೊಡ್ಡವರ ನಿದ್ರೆ ನಿಶ್ಚಿತ ಠೇವಣಿಯಂತೆ. ರಾತ್ರಿ ಒಮ್ಮೆ ಇಟ್ಟರೆ ಬೆಳಿಗ್ಗೆ ತೆಗೆಯುವುದು. ಶಿಶುವಿನದಾದರೋ ಚಾಲ್ತಿ ಖಾತೆ. ಹಗಲಿರುಳೆನ್ನದೆ ಸ್ವಲ್ಪ ಸ್ವಲ್ಪವಾಗಿ ವ್ಯವಹಾರ ನಡೆಯುತ್ತಲೇ ಇರುತ್ತದೆ.

ಇದಕ್ಕೆ ಕಾರಣಗಳಿವೆ. ನಿದ್ರೆಯು ಆವರ್ತಗಳಲ್ಲಿ ಸಾಗುತ್ತದೆ. ದೊಡ್ಡವರ ಒಂದು ಆವರ್ತ ಸುಮಾರು ಒಂದೂವರೆ ಗಂಟೆಯದಾದರೆ ಶಿಶುವಿನದು ಒಂದು ಗಂಟೆಗೂ ಕಡಿಮೆ. ಪ್ರತಿ ಆವರ್ತದ ಅಂಚಿನಲ್ಲೂ ಎಚ್ಚರವಾಗುವ ಸಂಭವವಿರುತ್ತದೆ. 1953ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಆಸೆರಿನ್ಸ್ಕಿ ಮತ್ತು ನಥೇನಿಯಲ್ ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು, ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ಒಂದು ಬಗೆಯ ನಿದ್ರೆಯನ್ನು ಜಗತ್ತಿಗೆ ತಿಳಿಸಿದರು. ನವಜಾತ ಶಿಶುವಿನ ನಿದ್ರೆಯಲ್ಲಿ ಸುಮಾರು ಅರ್ಧ ಭಾಗ ಇಂಥ ಚಂಚಲ ನಿದ್ರೆಯೇ. ಆಗ ಮಗು ತುಟಿ ಅಲುಗಿಸುತ್ತದೆ, ಮುಲುಗುತ್ತದೆ, ಕೈಕಾಲು ಕೊಡವುತ್ತದೆ, ನಗುತ್ತದೆ. ಕೆಲವೊಮ್ಮೆ ಕಣ್ಣು ಅರೆತೆರೆದು ಸಣ್ಣಗೆ ಅಳುವುದೂ ಉಂಟು. ಮಗು ಎದ್ದಿತೆಂದು ತಿಳಿದು ನಾವು ಧಾವಿಸಿ ಎತ್ತಿಕೊಂಡರೆ, ನಿದ್ರಿಸುತ್ತಿದ್ದ ಕೂಸನ್ನು ನಾವೇ ಎಬ್ಬಿಸಿದಂತಾಗುತ್ತದೆ. ಆದುದರಿಂದ ಮುಲುಗಿದೊಡನೆ ಕೈಹಾಕದೆ ಒಂದೆರಡು ನಿಮಿಷ ಕಾದು ನೋಡುವುದು ಲೇಸು. ಎಷ್ಟೋ ಸಾರಿ ಅದು ತಾನಾಗಿಯೇ ಮತ್ತೆ ಗಾಢನಿದ್ರೆಗೆ ಇಳಿಯುತ್ತದೆ.

ಇನ್ನೊಂದು ಕಾರಣ, ಮಗುವಿಗೆ ಹಗಲು ರಾತ್ರಿಗಳ ಭೇದ ತಿಳಿಯದಿರುವುದು. ಕತ್ತಲಾದಾಗ ನಮ್ಮ ಮೆದುಳಿನಲ್ಲಿ ಸ್ರವಿಸುವ ಮೆಲಟೋನಿನ್ ಎಂಬ ರಸವೇ ದೇಹಕ್ಕೆ ರಾತ್ರಿಯಾಯಿತೆಂದು ಸೂಚನೆ ಕೊಡುವುದು. ಗರ್ಭದಲ್ಲಿದ್ದಾಗ ತಾಯಿಯ ರಕ್ತದಿಂದ ದೊರೆಯುತ್ತಿದ್ದ ಈ ಸೂಚನೆ ಹುಟ್ಟಿದೊಡನೆ ನಿಂತುಹೋಗುತ್ತದೆ. ಮಗುವಿನ ಸ್ವಂತ ಗಡಿಯಾರ ನಡೆಯತೊಡಗಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಪ್ರಕೃತಿಯ ವೈಚಿತ್ರ್ಯವೆಂದರೆ, ರಾತ್ರಿಯ ವೇಳೆಯ ತಾಯಿಹಾಲಿನಲ್ಲಿ ಈ ರಸ ಸ್ವಲ್ಪ ಪ್ರಮಾಣದಲ್ಲಿರುತ್ತದೆ, ಹಗಲಿನ ಹಾಲಿನಲ್ಲಿ ಇರುವುದು ಅತ್ಯಲ್ಪ.

ಹಸಿವಿನ ಲೆಕ್ಕ

ಕೂಸಿನ ಹೊಟ್ಟೆ ಚಿಕ್ಕದು. ತಾಯಿಹಾಲು ಬೇಗ ಜೀರ್ಣವಾಗುವಂಥದು. ಆದ್ದರಿಂದ ಮೊದಲ ವಾರಗಳಲ್ಲಿ ದಿನಕ್ಕೆ 8ರಿಂದ 12 ಬಾರಿ ಹಾಲೂಡಿಸಬೇಕಾಗುತ್ತದೆ. ದಿನದ ಲೆಕ್ಕ ಹಾಕಿದರೆ ಸರಾಸರಿ ಎರಡರಿಂದ ಮೂರು ಗಂಟೆಗೊಮ್ಮೆ. ರಾತ್ರಿಯೂ ಇದಕ್ಕೆ ಹೊರತಲ್ಲ. ಹಾಲು ಉತ್ಪತ್ತಿಗೆ ಕಾರಣವಾದ ಪ್ರೊಲ್ಯಾಕ್ಟಿನ್ ಎಂಬ ರಸ ತಾಯಿಯ ದೇಹದಲ್ಲಿ ರಾತ್ರಿಯಲ್ಲೇ ಹೆಚ್ಚಾಗಿರುತ್ತದೆಂಬುದು ಗಮನಾರ್ಹ. ಮೊದಲ ವಾರಗಳಲ್ಲಿ ರಾತ್ರಿಯ ಹಾಲನ್ನು ತಪ್ಪಿಸಿದರೆ ಹಗಲಿನ ಹಾಲಿಗೂ ಕೊರತೆ ಬೀಳುವ ಸಂಭವವಿದೆ. ಎರಡು ಮೂರನೆಯ ವಾರ, ಆರನೆಯ ವಾರ, ಮೂರನೆಯ ತಿಂಗಳು — ಈ ಸಮಯಗಳಲ್ಲಿ ಅನೇಕ ಶಿಶುಗಳು ಎರಡು ಮೂರು ದಿನ ಎಡೆಬಿಡದೆ ಹಾಲು ಬೇಡುತ್ತವೆ. ‘ನನಗೆ ಹಾಲು ಸಾಲದು’ ಎಂದು ತಾಯಿ ಕಂಗೆಟ್ಟು ಡಬ್ಬಿಯ ಪುಡಿಗೆ ಕೈಹಾಕುವುದು ಸಾಮಾನ್ಯವಾಗಿ ಈ ದಿನಗಳಲ್ಲಿಯೇ.

ಹಾಲು ಸಾಲುತ್ತದೆಯೋ ಇಲ್ಲವೋ ಎಂಬುದಕ್ಕೆ ಮಗುವಿನ ಅಳು ಸರಿಯಾದ ಸಾಕ್ಷಿಯಲ್ಲ. ನಂಬತಕ್ಕ ಸಾಕ್ಷಿಗಳು ಎರಡು. ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರು ಬಾರಿಯಾದರೂ ಬಟ್ಟೆ ಒದ್ದೆ ಮಾಡಬೇಕು. ಎರಡು ವಾರಗಳ ಹೊತ್ತಿಗೆ ಜನನಕಾಲದ ತೂಕವನ್ನು ಮರಳಿ ಪಡೆದು, ಅಲ್ಲಿಂದ ಮುಂದೆ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಮಿನಷ್ಟು ಏರುತ್ತ ಹೋಗಬೇಕು. ಚುಚ್ಚುಮದ್ದಿನ ಕಾರ್ಡಿನಲ್ಲಿ ತೂಕ ಬರೆಯಿಸಿಡಿ. ಪಾಸ್‌ಬುಕ್ಕಿನಲ್ಲಿ ಶಿಲ್ಕು ಏರುತ್ತಿರುವಾಗ ಚಿಂತೆ ಏಕೆ?

ಸಂಜೆಯ ಅಳು

ಹಾಲು ಕುಡಿದಿದೆ, ಬಟ್ಟೆ ಒಣಗಿದೆ, ಜ್ವರವಿಲ್ಲ. ಆದರೂ ಸಂಜೆಯಾಯಿತೆಂದರೆ ಮುಖ ಕೆಂಪಗೆ ಮಾಡಿಕೊಂಡು ಕಾಲು ಮಡಚಿ ಅಳುವ ಕೂಸುಗಳುಂಟು. ನೆರೆಮನೆಯ ತೆಲುಗು ಅಮ್ಮಂದಿರು ‘ದಿಷ್ಟಿ’ ಎನ್ನುತ್ತಾರೆ, ನಮ್ಮವರು ‘ದೃಷ್ಟಿ’ ಎನ್ನುತ್ತಾರೆ. ಉಪ್ಪು ಮೆಣಸಿನಕಾಯಿ ನಿವಾಳಿಸುವುದರಲ್ಲಿ ಉಭಯ ಭಾಷಿಕರಿಗೂ ಭೇದವಿಲ್ಲ. ಅಮೆರಿಕದ ಮಕ್ಕಳ ವೈದ್ಯ ಬ್ರೇಝಲ್‌ಟನ್ ಅವರು 1962ರಲ್ಲಿ ಆರೋಗ್ಯವಂತ ಶಿಶುಗಳ ಅಳುವಿನ ದಿನಚರಿಯನ್ನೇ ತಾಯಂದಿರಿಂದ ಬರೆಯಿಸಿ ತೋರಿಸಿದರು: ಅಳು ಎರಡನೆಯ ವಾರದಿಂದ ಏರುತ್ತ ಆರನೆಯ ವಾರದ ಸುಮಾರಿಗೆ ಶಿಖರ ಮುಟ್ಟಿ, ಮೂರನೆಯ ತಿಂಗಳ ಹೊತ್ತಿಗೆ ಇಳಿದುಹೋಗುತ್ತದೆ, ಅದರ ಬಹುಭಾಗ ಸಂಜೆಯ ಹೊತ್ತಿನದು. ಇದಕ್ಕೂ ಮೊದಲು, 1954ರಲ್ಲಿ, ವೆಸೆಲ್ ಎಂಬ ವೈದ್ಯರು ‘ಹೊಟ್ಟೆನುಲಿತದ ಅಳು’ ಎಂದು ಕರೆಯಲು ಒಂದು ಅಳತೆ ಹೇಳಿದ್ದರು: ದಿನಕ್ಕೆ ಮೂರು ಗಂಟೆಗೂ ಮೀರಿ, ವಾರಕ್ಕೆ ಮೂರು ದಿನಕ್ಕೂ ಮೀರಿ, ಮೂರು ವಾರಕ್ಕೂ ಮೀರಿ ಅಳುವುದು. ಇದು ಕಾಲ ಕಳೆದಂತೆ ತಾನೇ ಶಮನವಾಗುವ ಅವಸ್ಥೆ. ಎದೆಗೊರಗಿಸಿ ಎತ್ತಿಕೊಂಡು ತಿರುಗಾಡುವುದು, ತೇಗು ಬರಿಸುವುದು, ಮೆಲುದನಿಯಲ್ಲಿ ಹಾಡುವುದು — ಇವೇ ಉಪಾಯಗಳು. ಹಲಸಂಗಿಯ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಸಂಗ್ರಹದಲ್ಲಿ ಅಳುವ ಕಂದನನ್ನು ಕುರಿತ ತ್ರಿಪದಿಗಳಿರುವುದನ್ನು ನೆನೆದರೆ, ಕೂಸು ಅಳುವುದನ್ನು ನಮ್ಮ ತಾಯಂದಿರು ರೋಗವೆಂದು ಭಾವಿಸದೆ ಹಾಡಿನ ವಸ್ತುವೆಂದು ಭಾವಿಸಿದ್ದರು ಎನ್ನಬಹುದು.

ತವರಿನಿಂದ ಹೈದರಾಬಾದಿಗೆ

ಇಷ್ಟೆಲ್ಲ ಹಿಂದೆಯೂ ಇದ್ದದ್ದೇ. ಹಾಗಾದರೆ ಇಂದಿನ ದಂಪತಿಗಳಿಗೆ ಇದೇಕೆ ಇಷ್ಟು ದುಸ್ತರವಾಗಿದೆ?

ಉತ್ತರ ನಮ್ಮ ವಲಸೆಯ ಬದುಕಿನಲ್ಲಿದೆ. ಹೈದರಾಬಾದಿನ ಕನ್ನಡಿಗರಲ್ಲಿ ಎರಡು ಬಗೆ. 1956ರ ರಾಜ್ಯ ಪುನರ್ವಿಂಗಡಣೆಗೂ ಮುಂಚೆ, ಕಲಬುರಗಿ, ಬೀದರ, ರಾಯಚೂರುಗಳಿಗೆ ಇದೇ ರಾಜಧಾನಿಯಾಗಿದ್ದ ಕಾಲದಿಂದ ಕಾಚಿಗುಡ, ಬರ್ಕತ್‌ಪುರ, ಸುಲ್ತಾನ್ ಬಜಾರ್‌ಗಳ ಸುತ್ತ ನೆಲೆಸಿದ ಕುಟುಂಬಗಳು ಒಂದು ಬಗೆ. ಅವರಲ್ಲಿ ಅಜ್ಜಿ, ಅತ್ತೆ, ನಾದಿನಿ, ನೆರೆಯ ವೈನಿ ಎಲ್ಲರೂ ಒಂದು ಕೂಗಿನ ಅಳತೆಯಲ್ಲಿದ್ದರು. ಬ್ಯಾಂಕು, ಕಾರ್ಖಾನೆ, ಈಚೆಗೆ ಗಣಕಯಂತ್ರದ ಉದ್ಯೋಗಗಳಿಗಾಗಿ ಬಂದು ಕೂಕಟ್‌ಪಲ್ಲಿ, ಮಿಯಾಪುರ, ಕೊಂಡಾಪುರಗಳ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿದವರು ಇನ್ನೊಂದು ಬಗೆ. ಇವರ ಮನೆಯಲ್ಲಿ ರಾತ್ರಿ ಮಗು ಅತ್ತರೆ ಏಳಲು ಇರುವವರು ಇಬ್ಬರೇ. ಗಂಡನಿಗೆ ರಾತ್ರಿಪಾಳಿಯಿದ್ದರೆ ಒಬ್ಬಳೇ.

ಇಲ್ಲಿ ಬಹಳ ಮಂದಿ ಗಮನಿಸದ ಒಂದು ಸಂಗತಿಯಿದೆ. ನಮ್ಮ ಪದ್ಧತಿಯಂತೆ ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತನ ಮುಗಿಸಿ ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ಮಗುವನ್ನೂ ತೊಟ್ಟಿಲನ್ನೂ ಗಂಡನ ಮನೆಗೆ ಕಳುಹಿಸುವುದು ವಾಡಿಕೆ. ಧಾರವಾಡದ ಕಡೆಯ ಅನುಕೂಲಸ್ಥರಾದರೆ ಕಲಘಟಗಿಯ ಬಣ್ಣದ ತೊಟ್ಟಿಲೇ ಬರುತ್ತದೆ. ಶಿಶುವಿನ ನಿದ್ರೆಯ ರಚನೆ ಬದಲಾಗುವುದೂ ಸರಿಸುಮಾರು ಇದೇ ಮೂರು ನಾಲ್ಕನೆಯ ತಿಂಗಳಲ್ಲಿ. ಅಲ್ಲಿಯವರೆಗೆ ಎರಡೇ ಬಗೆಯಾಗಿದ್ದ ನಿದ್ರೆಯು ದೊಡ್ಡವರಂತೆ ಹಲವು ಹಂತಗಳಾಗಿ ಒಡೆಯುತ್ತದೆ. ಆವರ್ತಗಳ ನಡುವೆ ಪೂರ್ಣ ಎಚ್ಚರವಾಗುವುದು ಕೆಲಕಾಲ ಹೆಚ್ಚುತ್ತದೆ. ಅದುವರೆಗೆ ಚೆನ್ನಾಗಿ ಮಲಗುತ್ತಿದ್ದ ಕೂಸು ಹೊಸ ಮನೆಗೆ ಬಂದ ವಾರದಲ್ಲೇ ರಾತ್ರಿ ನಾಲ್ಕು ಬಾರಿ ಏಳತೊಡಗುತ್ತದೆ. ‘ಹೈದರಾಬಾದಿನ ನೀರು ಒಗ್ಗಲಿಲ್ಲ’ ಎಂದು ಒಬ್ಬರು, ‘ಸೊಸೆಗೆ ಮಗು ನೋಡಿಕೊಳ್ಳುವ ಹದ ತಿಳಿಯದು’ ಎಂದು ಇನ್ನೊಬ್ಬರು ದೂರವಾಣಿಯಲ್ಲಿ ತೀರ್ಪು ಕೊಡುತ್ತಾರೆ. ನೀರಿನ ದೋಷವೂ ಇಲ್ಲ, ಸೊಸೆಯ ದೋಷವೂ ಇಲ್ಲ. ತವರಿನಲ್ಲಿ ನಾಲ್ಕು ಕೈಗಳಿದ್ದಾಗ ಹಗುರವಾಗಿದ್ದ ಭಾರ, ಕೈಗಳು ಕಡಿಮೆಯಾದ ವಾರದಲ್ಲೇ ಹೆಚ್ಚಿತು, ಅಷ್ಟೆ.

ಈ ಅವಸ್ಥೆ ಎಷ್ಟು ಕಾಲ? 2018ರಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದ ಅಧ್ಯಯನದಂತೆ, ಆರು ತಿಂಗಳ ಶಿಶುಗಳಲ್ಲಿ ನೂರಕ್ಕೆ ಸುಮಾರು 38 ರಾತ್ರಿ ಆರು ಗಂಟೆ ಒಟ್ಟಾಗಿ ಮಲಗುತ್ತಿರಲಿಲ್ಲ. ವರ್ಷ ತುಂಬಿದವುಗಳಲ್ಲೂ ನೂರಕ್ಕೆ ಸುಮಾರು 28 ಹಾಗೆಯೇ ಇದ್ದವು. ಆ ಕಾರಣದಿಂದ ಅವುಗಳ ಬೆಳವಣಿಗೆಯಲ್ಲಿ ಹಿನ್ನಡೆಯೇನೂ ಕಂಡುಬರಲಿಲ್ಲ. ‘ಪಕ್ಕದ ಮನೆಯ ಮಗು ರಾತ್ರಿಯಿಡೀ ಮಲಗುತ್ತದಂತೆ’ ಎಂದು ಕೊರಗುವವರು ಈ ಅಂಕಿಗಳನ್ನು ನೆನೆಯಬೇಕು.

ರಾತ್ರಿಯನ್ನು ಹಂಚಿಕೊಳ್ಳುವ ಬಗೆ

ತಾಯಿಹಾಲನ್ನು ತಾಯಿಯೇ ಕೊಡಬೇಕು, ನಿಜ. ಆದರೆ ರಾತ್ರಿಯ ಕೆಲಸದಲ್ಲಿ ಹಾಲೂಡಿಸುವುದು ಅರ್ಧ ಭಾಗ ಮಾತ್ರ. ಎತ್ತಿಕೊಳ್ಳುವುದು, ಒದ್ದೆ ಬಟ್ಟೆ ಬದಲಿಸುವುದು, ತೇಗು ಬರಿಸುವುದು, ತಟ್ಟಿ ಮಲಗಿಸುವುದು — ಇವೆಲ್ಲ ಉಳಿದರ್ಧ. ಈ ಅರ್ಧವನ್ನು ಯಾರು ಬೇಕಾದರೂ ಮಾಡಬಹುದು. ಒಂದು ಸಾರಿ ಎದ್ದರೆ ಒಟ್ಟು ಒಂದು ಗಂಟೆ ಎಂದಿಟ್ಟುಕೊಳ್ಳಿ. ರಾತ್ರಿಗೆ ಮೂರು ಸಾರಿ ಎದ್ದರೆ ಮೂರು ಗಂಟೆ. ಅರ್ಧ ಕೆಲಸವನ್ನು ಬೇರೆಯವರು ವಹಿಸಿಕೊಂಡರೆ ತಾಯಿಗೆ ರಾತ್ರಿಗೆ ಒಂದೂವರೆ ಗಂಟೆಯ ಉಳಿತಾಯ. ತಿಂಗಳಿಗೆ 45 ಗಂಟೆ. ಎಂದರೆ ಐದಾರು ಪೂರ್ಣ ರಾತ್ರಿಗಳ ನಿದ್ರೆ! ಈ ಉಳಿತಾಯಕ್ಕೆ ಯಾವ ಬ್ಯಾಂಕೂ ಇಷ್ಟು ಬಡ್ಡಿ ಕೊಡಲಾರದು.

ಆಚರಣೆಯಲ್ಲಿ ಇದು ಹೀಗಿರಬಹುದು. ತಾಯಿ ಬೇಗ ಊಟ ಮುಗಿಸಿ, ಹಾಲೂಡಿಸಿ, ಒಂಬತ್ತಕ್ಕೆ ಮಲಗಲಿ. ಒಂಬತ್ತರಿಂದ ಒಂದರವರೆಗೆ ತಂದೆಯ ಪಾಳಿ. ಮಗು ಹಸಿದು ಎದ್ದರೆ ಬಟ್ಟೆ ಬದಲಿಸಿ ತಾಯಿಯ ಮಗ್ಗುಲಿಗೆ ತಂದು ಕೊಡುವವನೂ, ಕುಡಿದ ಮೇಲೆ ಭುಜಕ್ಕೆ ಹಾಕಿಕೊಂಡು ತೇಗು ಬರಿಸಿ ಮಲಗಿಸುವವನೂ ಆತನೇ. ತಾಯಿ ಹಾಸಿಗೆ ಬಿಟ್ಟೇಳುವ ಕಾರಣವಿಲ್ಲ. ಒಂದರಿಂದ ಐದರವರೆಗೆ ತಾಯಿಯ ಪಾಳಿ. ಅತ್ತೆಯವರೋ ತವರಿನ ತಾಯಿಯೋ ಬಂದಿದ್ದರೆ ಐದರ ಮೇಲಿನದು ಅವರದು. ಹಿರಿಯರು ಹೇಗೂ ಆ ಹೊತ್ತಿಗೆ ಏಳುತ್ತಾರೆ. ಗಂಡನಿಗೆ ರಾತ್ರಿಪಾಳಿಯ ಉದ್ಯೋಗವಿದ್ದರೆ ಆತನು ಮನೆಗೆ ಬಂದ ಮೇಲಿನ ಬೆಳಗಿನ ಎರಡು ಗಂಟೆ ತಾಯಿಗೆ ಮೀಸಲಾಗಲಿ. ಉದ್ಯೋಗಸ್ಥ ತಾಯಂದಿರು ಹಿಂಡಿಟ್ಟ ಹಾಲನ್ನು ಒಳಲೆಯಿಂದಲೋ ಚಮಚದಿಂದಲೋ ಬೇರೆಯವರು ಕುಡಿಸಬಹುದು. ಶುಚಿಯಾದ ಪಾತ್ರೆಯಲ್ಲಿ ಹಿಂಡಿದ ಹಾಲು ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಶೀತಪೆಟ್ಟಿಗೆಯಲ್ಲಿ ನಾಲ್ಕು ದಿನ ಕೆಡದು. ನಮ್ಮೂರಿನ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಹೊರಗಿಡದಿರುವುದೇ ಕ್ಷೇಮ.

‘ಗಂಡಸಿಗೆ ಬೆಳಿಗ್ಗೆ ಕಚೇರಿಯಿದೆ’ ಎಂಬ ಆಕ್ಷೇಪಣೆ ಬರುವುದು ಸಹಜ. ತಾಯಿಗೂ ಬೆಳಿಗ್ಗೆ ಕೆಲಸವಿದೆ, ಆ ಕೆಲಸಕ್ಕೆ ಭಾನುವಾರದ ರಜೆಯೂ ಇಲ್ಲ. ಕಾನೂನು ಕೂಡ ಈಗ ತಂದೆತಾಯಿಗಳ ಕಡೆಗೆ ಸ್ವಲ್ಪ ಒಲಿದಿದೆ. 1961ರ ಪ್ರಸೂತಿ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವುಗಳ ಹಕ್ಕೂ ಇದೆ. ಬ್ಯಾಂಕು ನೌಕರರಿಗೆ 2015ರ ದ್ವಿಪಕ್ಷೀಯ ಒಪ್ಪಂದದಿಂದ 15 ದಿನಗಳ ಪಿತೃತ್ವ ರಜೆ ದೊರೆತಿದೆ. ಅದನ್ನು ಹೆಸರಿಡುವ ಸಮಾರಂಭದ ಓಡಾಟಕ್ಕಷ್ಟೇ ಖರ್ಚು ಮಾಡದೆ, ತಾಯಿಮಗು ಹೈದರಾಬಾದಿಗೆ ಬರುವ ವಾರಕ್ಕೆ ಕೆಲವು ದಿನಗಳ ಸ್ವಂತ ರಜೆಯನ್ನೂ ಉಳಿಸಿಟ್ಟುಕೊಳ್ಳುವ ತರುಣರು ಬುದ್ಧಿವಂತರು.

ಹಗಲು ರಾತ್ರಿಗಳ ಪಾಠ

ಮಗುವಿನ ಗಡಿಯಾರ ಸರಿಹೋಗಲು ನಾವು ಸಣ್ಣ ನೆರವು ನೀಡಬಹುದು. ಬೆಳಿಗ್ಗೆ ಕಿಟಕಿ ತೆರೆದು ಬೆಳಕು ಬರಲಿ. ಹಗಲಿನಲ್ಲಿ ಪಾತ್ರೆಯ ಸದ್ದು, ಮಾತಿನ ಸದ್ದು ಎಂದಿನಂತಿರಲಿ. ಸಂಜೆ ಒಂದೇ ವೇಳೆಗೆ ಮೈ ಒರೆಸಿ, ಸಡಿಲವಾದ ಹತ್ತಿಯ ಬಟ್ಟೆ ತೊಡಿಸಿ, ಹಾಲೂಡಿಸಿ, ಒಂದು ಜೋಗುಳ ಹಾಡಿ ಮಲಗಿಸುವ ಕ್ರಮ ದಿನವೂ ಒಂದೇ ರೀತಿ ನಡೆಯಲಿ. ರಾತ್ರಿ ಎದ್ದಾಗ ಮಂದ ದೀಪ ಸಾಕು. ಮಾತು, ಆಟ, ಮೊಬೈಲಿನ ಬೆಳಕು ಬೇಡ. ಮೂರು ನಾಲ್ಕು ತಿಂಗಳು ಕಳೆದ ಮೇಲೆ, ಪೂರ್ಣ ನಿದ್ರೆ ಬರುವ ಮುನ್ನವೇ ತೂಕಡಿಸುತ್ತಿರುವ ಮಗುವನ್ನು ಹಾಸಿಗೆಯಲ್ಲಿಟ್ಟು ತಟ್ಟುವುದನ್ನು ಅಭ್ಯಾಸ ಮಾಡಿಸಿ. ತೊಟ್ಟಿಲು ತೂಗುವಾಗಲೇ ನಿದ್ರೆಹೋದ ಮಗು ನಡುರಾತ್ರಿ ಎಚ್ಚತ್ತಾಗಲೂ ಆ ತೂಗುವಿಕೆಯನ್ನೇ ಬೇಡುತ್ತದೆ. ಬೋನಾಲಿನ ಡೋಲು, ಮದುವೆಯ ಬಾರಾತಿನ ಬ್ಯಾಂಡು ನಮ್ಮ ಕೈಯಲ್ಲಿಲ್ಲ. ಸೊಳ್ಳೆ ನಮ್ಮ ಕೈಯಲ್ಲಿದೆ. ಸುರುಳಿಯ ಹೊಗೆಗಿಂತ ಪರದೆ ಮೇಲು.

ಮಲಗಿಸುವ ರೀತಿ

ನಿದ್ರೆ ಬರಿಸುವುದಕ್ಕಿಂತ ಮುಖ್ಯವಾದುದು ಸುರಕ್ಷಿತವಾಗಿ ಮಲಗಿಸುವುದು. ಮಗುವನ್ನು ಸದಾ ಅಂಗಾತ ಮಲಗಿಸಬೇಕು. 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ ಈ ಸಲಹೆ ಕೊಟ್ಟು, 1994ರಲ್ಲಿ ದೇಶವ್ಯಾಪಿ ಪ್ರಚಾರ ಆರಂಭವಾದ ಮೇಲೆ, ನಿದ್ರೆಯಲ್ಲಿ ಕಾರಣ ತಿಳಿಯದೆ ಸಂಭವಿಸುತ್ತಿದ್ದ ಶಿಶುಮರಣಗಳು ಅಲ್ಲಿ ಅರ್ಧಕ್ಕಿಂತಲೂ ಕಡಿಮೆಯಾದವು. ಹಾಸಿಗೆ ಸಮತಟ್ಟಾಗಿಯೂ ಗಟ್ಟಿಯಾಗಿಯೂ ಇರಲಿ. ದಿಂಬು, ಮೆತ್ತನೆಯ ಗೊಂಬೆ, ದಪ್ಪ ರಜಾಯಿ ಬೇಡ. ತಲೆ ದುಂಡಗಾಗಲೆಂದು ಇಡುವ ಸಾಸಿವೆಯ ದಿಂಬನ್ನು ಎಚ್ಚರವಿರುವಾಗ ಮಗುವಿನೊಡನೆ ಕುಳಿತು ಬಳಸಬಹುದೇ ಹೊರತು ನಿದ್ರೆಯಲ್ಲಿ ಸಲ್ಲದು. ಸೀರೆಯ ಜೋಲಿಯಲ್ಲಿ ಗದ್ದ ಎದೆಗೆ ಒತ್ತಿ ಉಸಿರಿಗೆ ಅಡ್ಡಿಯಾಗುವ ಭಯವಿದೆ. ಹಗಲಿನಲ್ಲಿ ಕಣ್ಣೆದುರು ಸ್ವಲ್ಪ ಹೊತ್ತು ತೂಗಿ, ರಾತ್ರಿ ಮಟ್ಟಸ ಹಾಸಿಗೆಗೆ ಬದಲಿಸಿ.

ತಾಯಿಯ ಕೋಣೆಯಲ್ಲಿಯೇ, ಆಕೆಯ ಮಂಚಕ್ಕೆ ತಾಗಿದಂತೆ, ಪ್ರತ್ಯೇಕ ತೊಟ್ಟಿಲಲ್ಲಿ ಮಲಗಿಸುವುದು ಉತ್ತಮವೆಂದು ತಜ್ಞರ ಮತ. ನಮ್ಮ ಮನೆಗಳಲ್ಲಿ ಮಗು ತಾಯಿಯ ಮಗ್ಗುಲಲ್ಲೇ ಮಲಗುವುದು ರೂಢಿ. ಹಾಗೆ ಮಾಡುವವರು ಕೆಲವು ನಿಷೇಧಗಳನ್ನು ಮರೆಯಬಾರದು: ಹಾಸಿಗೆಯಲ್ಲಿರುವವರು ಧೂಮಪಾನಿಗಳಾಗಿದ್ದರೆ, ಮದ್ಯವನ್ನೋ ನಿದ್ರೆ ಬರಿಸುವ ಔಷಧವನ್ನೋ ಸೇವಿಸಿದ್ದರೆ, ಮಗು ಅವಧಿಗೆ ಮುಂಚೆ ಹುಟ್ಟಿದ್ದಾಗಿದ್ದರೆ ಅಥವಾ ಕಡಿಮೆ ತೂಕದ್ದಾಗಿದ್ದರೆ ಒಟ್ಟಿಗೆ ಮಲಗಕೂಡದು. ಸೋಫಾದ ಮೇಲೆ ಮಗುವನ್ನು ಎದೆಗಿಟ್ಟುಕೊಂಡು ತೂಕಡಿಸುವುದು ಎಲ್ಲಕ್ಕಿಂತ ಅಪಾಯಕರ. ದಣಿದ ತಂದೆಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ನಿದ್ರೆಗೆಂದು ಕೊಡಬಾರದ ವಸ್ತುಗಳು

ನಿದ್ದೆಗೆಟ್ಟ ಮನೆಯವರು ಏನನ್ನಾದರೂ ಕುಡಿಸಿ ಮಗುವನ್ನು ಮಲಗಿಸಲು ಯತ್ನಿಸುವುದು ಹಳೆಯ ಸಂಗತಿ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಕೂಸುಗಳಿಗೆ ಅಫೀಮು ಕೊಟ್ಟು ಕೆಲಸಕ್ಕೆ ಹೋಗುತ್ತಿದ್ದುದು 1920ರ ದಶಕದ ವರದಿಗಳಲ್ಲಿ ದಾಖಲಾಗಿದೆ. ಆ ತಾಯಂದಿರು ಕ್ರೂರಿಗಳಲ್ಲ. ಅವರ ಪಾಲಿಗೆ ಮಗುವನ್ನು ನೋಡಿಕೊಳ್ಳುವ ಇನ್ನೊಂದು ಕೈ ಇರಲಿಲ್ಲ. ಇಂದು ಅಫೀಮಿನ ಜಾಗಕ್ಕೆ ನೆಗಡಿಯ ಸಿರಪ್ಪು ಬಂದಿದೆ. ಅದು ಮಂಪರು ತರುತ್ತದೆಂದು ವೈದ್ಯರನ್ನು ಕೇಳದೆ ಕೊಡುವುದು ಉಸಿರಾಟಕ್ಕೆ ಅಪಾಯ ತರಬಲ್ಲದು. ಗ್ರೈಪ್ ವಾಟರ್ ಎಂಬುದನ್ನು 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ವಿಲಿಯಂ ವುಡ್‌ವರ್ಡ್ ತಯಾರಿಸಿದರು. ಮೂಲದಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾಗಳ ಜೊತೆಗೆ ಮದ್ಯಸಾರವೂ ಇತ್ತು. ಮುಂದೆ ಮದ್ಯಸಾರವನ್ನು ತೆಗೆದರು. ಅದರಿಂದ ಮಗುವಿನ ಅಳು ಕಡಿಮೆಯಾಗುತ್ತದೆಂಬುದಕ್ಕೆ ಸರಿಯಾದ ಆಧಾರವಿಲ್ಲ.

ಆರು ತಿಂಗಳು ತುಂಬುವವರೆಗೆ ತಾಯಿಹಾಲೊಂದೇ ಸಾಕು, ಬೇಸಿಗೆಯಲ್ಲೂ ನೀರು ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಪಷ್ಟ ಮಾತು. ವೈದ್ಯರು ಬರೆದುಕೊಟ್ಟ ವಿಟಮಿನ್ ಹನಿಗಳು ಇದಕ್ಕೆ ಅಪವಾದ. ಬಜೆ ತೇಯ್ದು ನೆಕ್ಕಿಸುವ ಅಜ್ಜಿಯರ ವಾತ್ಸಲ್ಯ ದೊಡ್ಡದು. ಆ ವಾತ್ಸಲ್ಯವನ್ನು ಎಣ್ಣೆ ನೀವುವುದಕ್ಕೂ ಜೋಗುಳ ಹಾಡುವುದಕ್ಕೂ ತಿರುಗಿಸುವಂತೆ ವಿನಯದಿಂದ ಕೇಳಿಕೊಳ್ಳಬೇಕು. ವರ್ಷ ತುಂಬುವವರೆಗೆ ಜೇನುತುಪ್ಪ ಸಲ್ಲದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಶಿಶುವಿನ ನರಗಳಿಗೆ ವಿಷವಾಗಬಲ್ಲದು. ವೈದ್ಯಕೀಯ ಕಾರಣಗಳಿಂದ ಡಬ್ಬಿಯ ಹಾಲನ್ನೇ ಅವಲಂಬಿಸಿದ ತಾಯಂದಿರು ಸಂಕೋಚಪಡಬೇಕಾದುದಿಲ್ಲ. ಕುದಿಸಿದ ನೀರು, ಶುಚಿಯಾದ ಪಾತ್ರೆ, ಡಬ್ಬಿಯ ಮೇಲೆ ಹೇಳಿದಷ್ಟೇ ಅಳತೆ — ಇವನ್ನು ಪಾಲಿಸಿದರಾಯಿತು. ರಾತ್ರಿ ಹೆಚ್ಚು ಮಲಗಲೆಂದು ಸೀಸೆಯ ಹಾಲಿಗೆ ರಾಗಿಯ ಸರಿ ಬೆರೆಸುವುದು ಬೇಡ. ರಾಗಿಯ ಸರಿಗೆ ಆರು ತಿಂಗಳ ನಂತರ, ಬಟ್ಟಲು ಚಮಚದಲ್ಲಿ, ಅದರದೇ ಸ್ಥಾನವಿದೆ.

ತಾಯಿಯ ಆರೋಗ್ಯ

ನಮ್ಮ ನಗರದ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯನ್ನು ಬಹುಮಂದಿ ಬಸ್ಸಿನ ನಿಲ್ದಾಣವಾಗಿ ಮಾತ್ರ ಬಲ್ಲರು. 1918ರಲ್ಲಿ ಕೂನೂರಿನಲ್ಲಿ ಸಣ್ಣದಾಗಿ ಆರಂಭವಾಗಿ 1958ರಲ್ಲಿ ಹೈದರಾಬಾದಿಗೆ ಬಂದ ಈ ಸಂಸ್ಥೆಯ ಲೆಕ್ಕದಂತೆ, ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕಿಲೋ ಕ್ಯಾಲೊರಿಗಳಷ್ಟೂ, ಮುಂದಿನ ಆರು ತಿಂಗಳು 520ರಷ್ಟೂ ಹೆಚ್ಚು ಆಹಾರ ಬೇಕು. ಎಂದರೆ ಆಕೆಗೆ ಸರಿಸುಮಾರು ಇನ್ನೊಂದು ಊಟವೇ ಬೇಕು. ಬಾಣಂತಿ ನೀರು ಕುಡಿಯಬಾರದು, ಬೇಳೆ ತಿನ್ನಬಾರದು ಎಂಬ ಪಥ್ಯಗಳನ್ನು ಕೈಬಿಟ್ಟು, ಜೋಳದ ರೊಟ್ಟಿ, ಬೇಳೆ, ಸಬ್ಬಸಿಗೆ, ಮೆಂತ್ಯದ ಸೊಪ್ಪು, ಹಾಲು ಮೊಸರುಗಳನ್ನು ಹೊಟ್ಟೆತುಂಬ ಕೊಡಬೇಕು. ರಾತ್ರಿ ಹಾಲೂಡಿಸುವಾಗ ಬಾಯಾರಿಕೆಯಾಗುವುದು ಸಹಜ. ತಲೆದಿಂಬಿನ ಬಳಿ ಒಂದು ತಂಬಿಗೆ ನೀರಿಡುವುದು ತಂದೆಯ ಪಾಳಿಯ ಮೊದಲ ಕರ್ತವ್ಯವಾಗಲಿ.

ದೇಹಕ್ಕಿಂತ ಸೂಕ್ಷ್ಮವಾದುದು ಮನಸ್ಸು. ಹೆರಿಗೆಯಾದ ಮೊದಲ ಎರಡು ವಾರ ಕಾರಣವಿಲ್ಲದೆ ಕಣ್ಣೀರು ಬರುವುದು ಅನೇಕರಿಗುಂಟು, ಅದು ಕಳೆಯುತ್ತದೆ. ಎರಡು ವಾರ ಮೀರಿದರೂ ದುಃಖ ಹೋಗದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ರೆ ಬಾರದಿದ್ದರೆ, ಮಗುವಿನ ಮೇಲೆ ಮನಸ್ಸೇ ಬಾರದಿದ್ದರೆ, ಬದುಕು ಬೇಡವೆಂಬ ಮಾತು ಬಂದರೆ, ಅದು ‘ಸೋಗು’ ಅಲ್ಲ, ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ. ಹೊರನಾಡಿನಲ್ಲಿ ಭಾಷೆ ಬಾರದ ಸೊಸೆಗೆ ಇದನ್ನು ಹೇಳಿಕೊಳ್ಳಲು ಜೊತೆಗಾರರೂ ಇರುವುದಿಲ್ಲ. 2022ರಲ್ಲಿ ಭಾರತ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ’ ಸಹಾಯವಾಣಿಗೆ (14416) ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು. ಕನ್ನಡವೂ ಸೇರಿ ಅನೇಕ ಭಾರತೀಯ ಭಾಷೆಗಳಲ್ಲಿ ಅದರ ಸೇವೆಯಿದೆ.

ವೈದ್ಯರಲ್ಲಿಗೆ ಯಾವಾಗ?

ಎದ್ದೇಳುವುದು ರೋಗವಲ್ಲ. ಆದರೆ ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೆ ಮೀರಿದ ಜ್ವರ ಬಂದರೆ, ಹಾಲು ಕುಡಿಯಲು ನಿರಾಕರಿಸಿದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಎರಡು ತಿಂಗಳೊಳಗಿನ ಮಗು ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ನಗರದ ಕೆಂಪು ಗುಡ್ಡದ ನಿಲೋಫರ್ ಆಸ್ಪತ್ರೆ 1953ರಿಂದ ಮಕ್ಕಳಿಗೂ ತಾಯಂದಿರಿಗೂ ಆಸರೆಯಾಗಿರುವ ಸರ್ಕಾರಿ ಸಂಸ್ಥೆ. ನಿಮ್ಮ ಬಡಾವಣೆಗೆ ಹತ್ತಿರದಲ್ಲಿ ರಾತ್ರಿ ತೆರೆದಿರುವ ಮಕ್ಕಳ ಆಸ್ಪತ್ರೆ ಯಾವುದೆಂಬುದನ್ನು ತಾಯಿಮಗು ಊರಿಂದ ಬರುವ ಮುಂಚೆಯೇ ವಿಚಾರಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.

ಸಂಘಕ್ಕೊಂದು ವಿನಂತಿ

ಡಾ. ಅನುಪಮಾ ನಿರಂಜನ ಅವರ ‘ತಾಯಿ-ಮಗು’ ಪುಸ್ತಕವನ್ನು ಮದುವೆಯ ಉಡುಗೊರೆಯಾಗಿ ಕೊಡುತ್ತಿದ್ದ ಕಾಲವೊಂದಿತ್ತು. ತಿಳಿವಳಿಕೆಯ ಪುಸ್ತಕಕ್ಕೆ ಇಂದು ಕೊರತೆಯಿಲ್ಲ. ಕೊರತೆ ಇರುವುದು ಕೈಗಳಿಗೆ. ನಮ್ಮ ಸಂಘದಲ್ಲಿ ರಾಜ್ಯೋತ್ಸವ, ನಾಟಕ, ಸುಗಮ ಸಂಗೀತಗಳು ಸಾಂಗವಾಗಿ ನಡೆಯುತ್ತಿವೆ. ಇವುಗಳೊಂದಿಗೆ ಮಹಿಳಾ ವಿಭಾಗವು ಒಂದು ಚಿಕ್ಕ ಪಟ್ಟಿಯನ್ನು ಇಟ್ಟರೆ ಹೇಗೆ? ಮಕ್ಕಳನ್ನು ಬೆಳೆಸಿ ಈಗ ಬಿಡುವಾಗಿರುವ ನಮ್ಮ ತಾಯಂದಿರು, ನಿವೃತ್ತ ಶಿಕ್ಷಕಿಯರು ಬಡಾವಣೆವಾರು ತಮ್ಮ ಹೆಸರು ಬರೆಯಿಸಲಿ. ಹೊಸ ಬಾಣಂತಿ ಊರಿಂದ ಬಂದಳೆಂದು ತಿಳಿದಾಗ ವಾರಕ್ಕೆ ಎರಡು ಮಧ್ಯಾಹ್ನ ಒಬ್ಬರು ಹೋಗಿ ಕುಳಿತು ಮಗುವನ್ನು ನೋಡಿಕೊಳ್ಳಲಿ. ಆ ಎರಡು ಗಂಟೆ ತಾಯಿ ಬಾಗಿಲು ಹಾಕಿಕೊಂಡು ನಿದ್ರಿಸಲಿ. ಕೂಸಿನ ಕಿವಿಗೆ ಕನ್ನಡದ ಜೋಗುಳವೊಂದು ಬೀಳುವುದು ಇದರ ಮೇಲಿನ ಬಡ್ಡಿ. ಖರ್ಚಿಲ್ಲದ ಈ ಕೆಲಸಕ್ಕೆ ಮುಂದಿನ ಮಹಾಸಭೆಯಲ್ಲಿ ಯಾರಾದರೂ ಪ್ರಸ್ತಾಪ ಮಂಡಿಸುವುದಾದರೆ ಅನುಮೋದಿಸಲು ಈ ಲೇಖಕನು ಸಿದ್ಧನಿದ್ದಾನೆ.